ಬಂದವರ ಗಡಿಗೆ

ಅಕ್ಕಿ ಅಳೆದು ಮೊರಕ್ಕೆ ಹಾಕಿಕೊಂಡ ಮೇಲೆ ಅದರಿಂದ ಒಂದು ಹಿಡಿ ವಾಪಸ್ ತೆಗೆದು, ಅಡಿಗೆಮನೆ ಮೂಲೆಯ ಸಣ್ಣ ಗಡಿಗೆಗೆ ಹಾಕುವುದು ನನ್ನ ಚಟ. ಕೆಲವರಿಗೆ ಎಲೆಯಡಿಕೆ ಇರುತ್ತದೆ, ಕೆಲವರಿಗೆ ನಶ್ಯ ಇರುತ್ತದೆ, ನನಗೆ ಇದು. ಸೊಸೆ ಹೊಸದಾಗಿ ಬಂದಾಗ ನೋಡಿ ಸುಮ್ಮನಿದ್ದಳು. ಈಗ ಅವಳು ಹಳಬಳು, ಸುಮ್ಮನಿರುವುದಿಲ್ಲ.

"ಅತ್ತೀ, ಹಿಂದಕ್ಕ ತೆಗಿಯೋದಾದ್ರ ಮೊದಲ ಕಡಿಮಿ ಅಳೀಬಾರದೇನ್ರಿ?"

"ಕಡಿಮಿ ಅಳದ್ರ ಅದು ಕಡಿಮಿ ಆತು. ಪೂರಾ ಅಳದು ತೆಗದ್ರ ಅದು ಕೊಟ್ಟಂಗಾತು."

"ಯಾರಿಗೆ ಕೊಟ್ಟಂಗಾತ್ರಿ? ಗಡಿಗಿಗೇನು?"

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ನಾನು ಬಿ.ಎ. ಪಾಸಾದವಳು, ಉತ್ತರವಿಲ್ಲವೆಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮಂಥವರಿಗಿಲ್ಲ. "ಹುಳ ಹಿಡದಾವು, ಒಂದು ಒಣಮೆಣಸಿನಕಾಯಿ ಹಾಕು ಅದರಾಗ" ಎಂದು ಮಾತು ತಿರುಗಿಸುತ್ತೇನೆ. ಅವಳು ನಕ್ಕು ಹಾಕುತ್ತಾಳೆ. ಬಳ್ಳಾರಿ ಸತ್ಯನಾರಾಯಣಪೇಟೆಯ ಈ ಮನೆಯ ಬಾಗಿಲಿಗೆ ಕಾಳು ಕೇಳಿಕೊಂಡು ಬರುವವರು ನಿಂತು ಎಷ್ಟೋ ಕಾಲವಾಯಿತು. ಗಡಿಗೆ ತುಂಬುತ್ತದೆ, ನಾನು ನೋಡುತ್ತೇನೆ.

ಬಿ.ಎ. ಅಂದೆನಲ್ಲ, ಜಂಭ ಅನ್ನಿಸಿದರೆ ಅನ್ನಿಸಲಿ. ನಮ್ಮ ವಂಶದಲ್ಲಿ ನನಗಿಂತ ಮೊದಲು ಓದಿದವರು ಯಾರಾದರೂ ಇದ್ದರೆ ಅದು ನಮ್ಮ ಬಲಗಡೆಯ ಎತ್ತು. ಕುರುಗೋಡಿನಿಂದ ಬಳ್ಳಾರಿಗೆ ಹತ್ತಿಬಂಡಿ ಎಳೆಯುವಾಗ ಅದು ಒಂದು ಮೈಲಿಕಲ್ಲಿನ ಮುಂದೆ ತಾನಾಗಿ ನಿಂತು, ಅಪ್ಪ ಬೀಡಿ ಹಚ್ಚಿದ ಮೇಲೆಯೇ ಹೊರಡುತ್ತಿತ್ತು. "ಓದಿಕೊಂಡೈತಿ ನೋಡು" ಅನ್ನುತ್ತಿದ್ದ ಅಪ್ಪ. ಅಂಥ ಮನೆಯಿಂದ ನಾನು ಬಂದೆ. ಹೇಗೆ ಬಂದೆ ಎಂದು ಯಾರಾದರೂ ಕೇಳಿದರೆ, ಒಂದು ದೇವಾಲಯದಿಂದ ಎನ್ನುತ್ತೇನೆ. ಯಾವ ದೇವಾಲಯ ಎಂದು ಹೇಳಿದರೆ ಕೇಳಿದವರು ನನ್ನ ಹಣೆಯ ಕುಂಕುಮ ನೋಡುತ್ತಾರೆ. ನಾನು ಕ್ರೈಸ್ತಳಲ್ಲ. ಒಂದು ದಿನವೂ ಆಗಿರಲಿಲ್ಲ. ಆದರೂ ನನಗೆ ನೆನಪಾಗಿ ಜೀವ ಹಿಂಡುವ ಜಾಗ ಕೌಲ್ ಬಜಾರಿನ ಆಚೆಗಿದ್ದ ಮಿಶನ್ ದೇವಾಲಯದ ಅಂಗಳವೇ.

ಅಂಗಳದ ಮಾತಿಗೆ ಬರುವ ಮೊದಲು ಗಡಿಗೆಯ ಮಾತು ಮುಗಿಸಬೇಕು.

ಕುರುಗೋಡಿನ ನಮ್ಮ ಮನೆಯಲ್ಲಿ ಒಲೆಯ ಪಕ್ಕಕ್ಕೆ ಬಾಯಿ ಒಡೆದ ಒಂದು ಗಡಿಗೆ ಇತ್ತು. ಅದಕ್ಕೆ 'ಬಂದವರ ಗಡಗಿ' ಎಂದು ಹೆಸರು. ಅವ್ವ ಬೀಸುವ ಮೊದಲು ಜೋಳದಿಂದ ಒಂದು ಹಿಡಿ ತೆಗೆದು ಅದಕ್ಕೆ ಹಾಕುತ್ತಿದ್ದಳು. ಜಂಗಮಯ್ಯ ಬರುತ್ತಿದ್ದ, ಜೋಗಮ್ಮ ಬರುತ್ತಿದ್ದಳು, ನವಿಲುಗರಿ ಹಿಡಿದ ಫಕೀರ ಬರುತ್ತಿದ್ದ. ಜೋಳಿಗೆ ಹೆಗಲಿಗಿದ್ದು, ಬಾಗಿಲಲ್ಲಿ ನಿಂತು, ದೇವರ ಹೆಸರಿನಲ್ಲಿ ಏನಾದರೊಂದು ಹಾಡಿದರೆ ಸಾಕು, ಅವ್ವ ಅದು ಯಾವ ದೇವರೆಂದು ಕೇಳುತ್ತಿರಲಿಲ್ಲ.

ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ನಾವೆಲ್ಲ ಓಡಿಹೋಗಿ ಹಿಂದಿನಿಂದ ನೂಕುತ್ತಿದ್ದೆವು. ಅಂಥದ್ದೊಂದು ಬಸ್ಸಿನಿಂದ ಒಂದು ದಿನ ಬಿಳಿ ಸೀರೆ, ಕರಿ ಕೊಡೆ, ಹೆಗಲಲ್ಲಿ ಬಟ್ಟೆಚೀಲದ ಒಬ್ಬ ಹೆಂಗಸು ಇಳಿದಳು. ಮುಖಕ್ಕೆಲ್ಲ ಮಸಿ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಒಂದು ಹಾಡು ಹೇಳಿದಳು. ದನಿ ಅಷ್ಟಕ್ಕಷ್ಟೆ, ಆದರೆ ಹಾಡು ಅಚ್ಚ ಕನ್ನಡದ್ದು, ಭಜನೆಯ ಧಾಟಿ. ಆಕೆ ರಾಹೇಲಮ್ಮ. ಸಿರುಗುಪ್ಪದವಳು, ಮಿಶನ್ನಿನವರು ಊರೂರಿಗೆ ಸುವಾರ್ತೆ ಹೇಳಲು ಕಳಿಸುತ್ತಿದ್ದ ಬೈಬಲ್ ಅಮ್ಮಂದಿರಲ್ಲಿ ಒಬ್ಬಳು. ಹಾಡು ಮುಗಿಸಿ ಪುಸ್ತಕ ತೆಗೆಯಲೆಂದು ಚೀಲದ ಬಾಯಿ ಬಿಚ್ಚಿದಳು. ಅದೇ ಆದದ್ದು. ಚೀಲ ಬಿಚ್ಚಿದ್ದನ್ನು ಕಂಡ ಅವ್ವ ಬಂದವರ ಗಡಿಗೆಯಿಂದ ಮೊರ ತುಂಬ ಜೋಳ ತಂದು, ಆ ಚೀಲಕ್ಕೆ, ಪುಸ್ತಕಗಳ ಮೇಲೆಯೇ, ಸುರಿದುಬಿಟ್ಟಳು.

"ಅಯ್ಯೋ ತಾಯೀ! ನಾ ಬೇಡಾಕ ಬಂದಾಕಿ ಅಲ್ಲ!"

"ಹಾಡು ಹೇಳಿದ್ರೆಲ್ಲರೀ ಅಮ್ಮಾರ. ಹಾಡಿದವರನ್ನ ಬರೀ ಕೈಲೆ ಕಳಸಾಕ ಆಕ್ಕೈತೇನು?"

"ನಾವು ಕೊಡೋರು ತಾಯಿ, ಇಸ್ಕೊಳ್ಳೋರಲ್ಲ. ತಗೋ, ವಾಪಸ್ ತಗೋ."

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನೀಡಿದ್ದು ಹೊಸ್ತಿಲು ದಾಟಿ ತಿರುಗಿ ಒಳಗ ಬರಬಾರದ್ರಿ. ಮನಿಗೆ ಚಲೋ ಅಲ್ಲ."

ರಾಹೇಲಮ್ಮ ಕೊಡೆ ಹಿಡಿದು, ಭಾರದ ಚೀಲ ಹೊತ್ತು, ಬಂದ ಬಸ್ಸಿಗೇ ಏರಿದಳು. ಆ ದಿನ ಸುವಾರ್ತೆ ಹೇಳುವುದು ಬಾಕಿಯೇ ಉಳಿಯಿತು.

ಆಮೇಲೆ ನಡೆದದ್ದನ್ನು ರಾಹೇಲಮ್ಮನೇ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ. ಮುಂದಿನ ಭಾನುವಾರ ದೇವಾಲಯದಲ್ಲಿ ಪುಸ್ತಕ ತೆರೆದರೆ ಹಾಳೆಗಳ ಸಂದಿನಿಂದ ಜೋಳ ಟಪಟಪ ಉದುರಿ, ಪ್ರಾರ್ಥನೆ ಮಾಡುತ್ತಿದ್ದ ಪಾದ್ರಿ ಅಯ್ಯನವರು ಕಣ್ಣು ಬಿಟ್ಟರಂತೆ. ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ದೊರೆಸಾನಿ ಕೇಳಿದರಂತೆ. ದೊರೆಸಾನಿ ಕನ್ನಡವನ್ನು ಪುಸ್ತಕದಿಂದ ಕಲಿತವರು. ನಾಯಿಯನ್ನೂ 'ತಾವು ದೂರ ಹೋಗಿರಿ' ಎಂದು ಓಡಿಸುವರು.

"ರಾಹೇಲಮ್ಮಾ, ನೀವು ಬಡವರಿಂದ ಧಾನ್ಯವನ್ನು ಏಕೆ ತೆಗೆದುಕೊಂಡಿರಿ? ನಾವು ತೆಗೆದುಕೊಳ್ಳಲು ಬಂದವರಲ್ಲ."

ಇವಳು ಏನು ಹೇಳಿಯಾಳು? ಬರಗಾಲದಲ್ಲಿ ಮಿಶನ್ನಿನವರ ಕೈಗೆ ಸಿಕ್ಕ ಕೂಸು ಅವಳು. ಉಟ್ಟದ್ದು, ಉಂಡದ್ದು, ಕಲಿತದ್ದು ಎಲ್ಲ ಅವರು ಕೊಟ್ಟದ್ದೇ. ಔಷಧ, ಹಾಲಿನಪುಡಿ, ಸಾಲಿ, ಪಾಟಿ, ಎಲ್ಲ ದೇವಾಲಯದ ಗೇಟಿನಿಂದ ಹೊರಗೆ ಬರುತ್ತಿದ್ದವು. ಒಳಗೆ ಹೋಗುವ ಪದಾರ್ಥವೇ ಇರಲಿಲ್ಲ. "ನನ್ನ ಹಾಡಿಗೆ ಅಂತ ಒಬ್ಬರು ಒಂದು ಕಾಳು ಕೊಟ್ಟದ್ದು ಅದ ಮೊದಲು, ನೀಲವ್ವಾ. ಹೆಂಗ ವಾಪಸ್ ಮಾಡ್ಲಿ?" ಎನ್ನುತ್ತಿದ್ದಳು ನನಗೆ. ಆ ಜೋಳವನ್ನು ಹಾಸ್ಟೆಲಿನಲ್ಲಿ ಬೇಯಿಸಿ ಉಂಡರು.

ಆದರೆ ಇಸಿದುಕೊಂಡು ಸುಮ್ಮನಿರುವುದು ಆಕೆಗೂ ಬಾರದು. ಮುಂದಿನ ತಿಂಗಳು ಮತ್ತೆ ಬಂದಳು, ಋಣ ತೀರಿಸಲು. ಅವ್ವ ಮತ್ತೆ ಜೋಳ ಹಾಕಿದಳು. ಹೀಗೆ ಋಣ ಏರುತ್ತಲೇ ಹೋಯಿತು. ಕೊನೆಗೆ ರಾಹೇಲಮ್ಮ ಒಂದು ದಾರಿ ಕಂಡುಕೊಂಡಳು. ಅವ್ವ ನೀಡಿದ ಜೋಳದಿಂದಲೇ ಕಟ್ಟೆಯ ಮೇಲೆ ಅಕ್ಷರ ಜೋಡಿಸಿ ನನಗೆ ಕಲಿಸತೊಡಗಿದಳು. ನನ್ನ ಮೊದಲ 'ಅ' ಬಿಳಿಜೋಳದ್ದು. ಬರೆದು ಮುಗಿಸುವುದರೊಳಗೆ ಕೋಳಿ ಬಂದು ಅದರ ಬಾಲ ತಿನ್ನುತ್ತಿತ್ತು. ನಾನು ಕೋಳಿ ಓಡಿಸುತ್ತ, ಅಕ್ಷರ ತಿದ್ದುತ್ತ ಕಲಿತೆ. ಇವತ್ತಿಗೂ ನನ್ನ ಬರವಣಿಗೆ ಅವಸರದ್ದು ಎಂದು ಎಲ್ಲರೂ ಅನ್ನುತ್ತಾರೆ. ಕೋಳಿಯ ಕಥೆ ಅವರಿಗೆ ಗೊತ್ತಿಲ್ಲ.

ಬಳ್ಳಾರಿಯ ಸಾಲಿಗೆ, ಮಿಶನ್ ಹಾಸ್ಟೆಲಿಗೆ ನನ್ನನ್ನು ಕಳಿಸುವ ಮಾತು ಬಂದಾಗ ಅಪ್ಪ ಎದ್ದು ನಿಂತ.

"ಏನಲೇ, ಜಾತಿ ಕೆಡಸ್ತಾರ ಅಲ್ಲಿ. ಪುಕ್ಕಟೆ ಉಣಿಸಿ ಪುಕ್ಕಟೆ ದೇವರನ್ನೂ ಕೊಡ್ತಾರ."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ಹಂಗಾದ್ರ ಪುಕ್ಕಟೆ ಉಣ್ಣೋದು ಬ್ಯಾಡ. ಬಂದವರ ಗಡಗಿ ಐತೆಲ್ಲ, ಅದು ಇನ್ನ ಮ್ಯಾಲೆ ಹೋದಾಕಿ ಗಡಗಿ."

ಅಪ್ಪನಿಗೆ ಇದು ಹಿಡಿಸಿತು. ಮಗಳು ಯಾರ ಹಂಗಿನಲ್ಲೂ ಉಣ್ಣುವುದಿಲ್ಲ ಎಂದರೆ ಅವನ ತಲೆಯ ಪಟಗ ನೆಟ್ಟಗೆ ನಿಲ್ಲುತ್ತಿತ್ತು. ಆವತ್ತಿನಿಂದ ಹತ್ತಿಬಂಡಿ ಬಳ್ಳಾರಿಗೆ ಹೋದಾಗಲೆಲ್ಲ ಒಂದು ಸಣ್ಣ ಚೀಲ ಹಾಸ್ಟೆಲಿಗೆ ಬರುತ್ತಿತ್ತು. ಅಪ್ಪ ಗೇಟಿನ ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬೇವಿನಮರದ ಕೆಳಗೆ ಬಂಡಿ ನಿಲ್ಲಿಸಿ, ಇಡೀ ಕೌಲ್ ಬಜಾರಿಗೆ ಕೇಳಿಸುವಂತೆ "ನೀಲವ್ವಾ! ನಿನ್ನ ಕಾಳು!" ಎಂದು ಕೂಗುತ್ತಿದ್ದ. ಹುಡುಗಿಯರು ನಗುತ್ತಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಆಗುತ್ತಿರಲಿಲ್ಲ. ಆ ಹಾಸ್ಟೆಲಿನಲ್ಲಿ ತನ್ನ ಕಾಳು ತಾನು ತಂದುಣ್ಣುವವಳು ನಾನೊಬ್ಬಳೇ.

ಚೀಲ ಬಿಚ್ಚಿದರೆ ಮೇಲುಗಡೆಯೇ ಒಂದು ಕೆಂಪು ಒಣಮೆಣಸಿನಕಾಯಿ. ಹುಳಕ್ಕೆಂದು ಇಟ್ಟದ್ದು. ಆದರೆ ಅವ್ವನಿಗೆ ಬರೆಯಲು ಬಾರದು, ಅಪ್ಪನಿಗೆ ಗೇಟಿನಾಚೆ ನಿಂತು ಮಾತಾಡಲು ಬಾರದು. ಹೀಗಾಗಿ ಆ ಮೆಣಸಿನಕಾಯಿಯೇ 'ಆರಾಮ ಅದೀವಿ' ಎಂದು ಹೇಳಬೇಕಾಗಿತ್ತು. ನಾನು ಅದನ್ನು ಟ್ರಂಕಿನಲ್ಲಿ ಬಟ್ಟೆಯ ಸಂದಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹಬ್ಬಕ್ಕೆ ತೆಗೆದು ತೊಟ್ಟ ಲಂಗದ ಘಾಟಿಗೆ ಪಕ್ಕದಲ್ಲಿ ಕೂತವರು ಸೀನುತ್ತಿದ್ದರು. ಒಂದು ಕ್ರಿಸ್‌ಮಸ್ಸಿನಲ್ಲಿ ದೊರೆಸಾನಿಯೇ ಹಾಡಿನ ನಡುವೆ ಸೀನಿ, "ಕ್ಷಮಿಸಿರಿ" ಎಂದು ನನಗೇ ಹೇಳಿದರು.

ಆ ದಿನಗಳ ದೇವಾಲಯವೆಂದರೆ ಏನೆಂದು ಹೇಗೆ ಹೇಳಲಿ? ಅದರ ಗಂಟೆಗೆ ಕೌಲ್ ಬಜಾರಿನ ದರ್ಜಿ ಸಾಬರು ಅಂಗಡಿ ತೆರೆಯುತ್ತಿದ್ದರು, ಹೋಟೆಲಿನವರು ಒಲೆ ಹಚ್ಚುತ್ತಿದ್ದರು. ಅದರ ಪಡಸಾಲೆಯಲ್ಲಿ ಚಳಿಜ್ವರದವರು ಕ್ವಿನೈನಿಗೆ ಸಾಲು ಕೂರುತ್ತಿದ್ದರು; ಕಹಿಗೆ ಮುಖ ಕಿವುಚಿದ ಎಲ್ಲ ಜಾತಿಯ ಮುಖಗಳೂ ಒಂದೇ ಥರ ಕಾಣುತ್ತಿದ್ದವು. ಕನ್ನಡದ ಪ್ರಾರ್ಥನೆ ಮುಗಿದ ಮೇಲೆ ತೆಲುಗಿನದು. ಊರಿನಲ್ಲಿ ಬಳ್ಳಾರಿ ಯಾರಿಗೆ ಸೇರಬೇಕೆಂದು ಜಗಳ ಕಾವೇರಿದ ದಿನಗಳಲ್ಲೂ ಅಲ್ಲಿ ಒಂದು ಹಾಡಿನ ಪಲ್ಲವಿ ಕನ್ನಡದಲ್ಲಿ, ಚರಣ ತೆಲುಗಿನಲ್ಲಿ ನಡೆಯುತ್ತಿತ್ತು. ನಾನು ಎರಡನ್ನೂ ಅಪಸ್ವರದಲ್ಲಿ ಹಾಡುತ್ತಿದ್ದೆ. ನನ್ನನ್ನು ಯಾರೂ ಕ್ರೈಸ್ತಳಾಗುವ ದೀಕ್ಷಾಸ್ನಾನಕ್ಕೆ ಕರೆಯಲಿಲ್ಲ. ನನ್ನ ದನಿ ಕೇಳಿ ಬೇಡವೆಂದು ಬಿಟ್ಟರೋ ಏನೋ.

ಸ್ವಾತಂತ್ರ್ಯ ಬಂತು. ಸ್ವಲ್ಪ ದಿನಕ್ಕೆ ದೊರೆಸಾನಿ ಹಡಗು ಹತ್ತಲು ಹೊರಟರು. ನಾವು ಅತ್ತೆವು. ಅವರೂ ಅತ್ತರು, ವ್ಯಾಕರಣ ತಪ್ಪದಂತೆ. ಅವರು ಹೋದ ಮೇಲೆ ಆಚೆಯಿಂದ ಹಾಸ್ಟೆಲಿಗೆ ಬರುತ್ತಿದ್ದ ನೆರವು ಕರಗಿತು. ನಾನು ಎಸ್ಸೆಸ್ಸೆಲ್ಸಿಗೆ ಕೂರಬೇಕಾದ ವರ್ಷ. ರೇಷನ್ನಿನ ಕಾಲ ಬೇರೆ. ಊರಿನಲ್ಲಿ ಎಲ್ಲರ ಕಾಳಿನ ಹಗೇವಿನ ತಳವೂ ಕಾಣುತ್ತಿತ್ತು. ಒಂದು ಭಾನುವಾರ ಅಯ್ಯನವರು ಪ್ರಸಂಗ ಮುಗಿಸಿ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ಕೆಟ್ಟ ಸುದ್ದಿ.

"ಸಾಲಿ ನಡೀತೈತಿ, ಸರ್ಕಾರ ಕೊಡ್ತೈತಿ. ಹಾಸ್ಟೆಲ್ ನಡಸಾಕ ನಮ್ಮ ಕೈಲೆ ಆಗಂಗಿಲ್ಲ. ಹುಡುಗ್ಯಾರನ್ನ ಅವರವರ ಊರಿಗೆ ಕಳಸಬೇಕಾಗೈತಿ. ಎಲ್ಲರ ಮನಿಗೂ, ಬರೋ ವಾರ ಬಂದು ಕರಕೊಂಡು ಹೋಗ್ರಿ ಅಂತ ಹೇಳಿ ಕಳಿಸೀವಿ."

ಕುರುಗೋಡಿಗೆ ಹೋಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಸಿರುಗುಪ್ಪದ ಕಡೆ ಗದ್ದೆ ಇದ್ದ ಒಬ್ಬ ಹುಡುಗನನ್ನು ಅಪ್ಪ ನೋಡಿಟ್ಟಿದ್ದ. "ಅನ್ನ ಉಣ್ಣೋ ಮನಿ" ಎಂದು ಅವ್ವನ ಮುಂದೆ ಹೇಳಿದ್ದನಂತೆ. ಜೋಳದವರಿಗೆ ಅನ್ನ ಉಣ್ಣುವ ಮನೆಯೆಂದರೆ ದೊಡ್ಡ ಮಾತು. ಹುಡುಗ ಕೆಟ್ಟವನಿರಲಿಕ್ಕಿಲ್ಲ. ಆದರೆ ನನ್ನ ಪಾಟಿ, ಪುಸ್ತಕ, ಪರೀಕ್ಷೆ?

ಆಗ ಹೆಂಗಸರ ಕಡೆಯಿಂದ ರಾಹೇಲಮ್ಮ ಎದ್ದಳು. ಹೆಂಗಸರು ಹಾಡಲು ಏಳುತ್ತಿದ್ದರೇ ಹೊರತು ಮಾತಾಡಲು ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಹೊರಗೆ ಹೋಗಿ, ಅಪ್ಪ ಗೇಟಿಗೆ ತಂದಿಳಿಸಿದ್ದ ಚೀಲವನ್ನು ಉಗ್ರಾಣದಿಂದ ಎತ್ತಿಕೊಂಡು ಬಂದು, ವೇದಿಕೆಯ ಮೆಟ್ಟಿಲ ಮೇಲೆ ಇಟ್ಟಳು.

"ಅಯ್ಯನೋರೇ, ಇದು ಕುರುಗೋಡಿಂದ ಬಂದದ್ದು. ಆ ತಾಯಿ ನಮ್ಮ ದೇವಾಲಯದ ಬಾಗಲಾ ಕಂಡಿಲ್ಲ. ನಮ್ಮ ದೇವರ ಹೆಸರು ಕೇಳಿದ್ರ ಈಗೂ ತಪ್ಪು ಹೇಳ್ತಾಳ. ಯುದ್ಧದ ಕಾಲದಿಂದ ತಪ್ಪಿಸಿಲ್ಲ. ನಾವು ಇದರ ಮುಂದ ಕೈ ಮುಗದು ಸ್ತೋತ್ರ ಹೇಳಿ ಉಂಡೀವಿ. ನಮ್ಮ ನಮ್ಮ ಮನಿ ಒಲಿ ಮುಂದ ಒಂದು ಗಡಗಿ ಇಡಾಕ ಜಾಗ ಇಲ್ಲೇನು?"

ಯಾರೋ ಒಬ್ಬರು ಗಂಡಸರ ಕಡೆಯಿಂದ, "ರೇಷನ್ ಅಕ್ಕಿಯಾಗ ಏನು ಕೊಡ್ತಿ ರಾಹೇಲಮ್ಮಾ? ಕಲ್ಲು ಆರಿಸಿದ್ರ ಅರ್ಧ ಆಕ್ಕೈತಿ" ಅಂದರು.

"ಕಲ್ಲು ನೀವು ಇಟ್ಟುಕೋರಿ. ಅಕ್ಕಿ ಕೊಡ್ರಿ."

ಅಯ್ಯನವರು ಕನ್ನಡಕ ಮತ್ತೆ ಹಾಕಿಕೊಂಡರು.

ಆದರೂ ಆ ವಾರ ನಾವು ಟ್ರಂಕು ಕಟ್ಟಿದೆವು. ಭಾನುವಾರ ಬೆಳಿಗ್ಗೆ ಬೇವಿನಮರದ ಕೆಳಗೆ ಅಪ್ಪನ ಬಂಡಿ ಬಂದು ನಿಂತಿತು. ನನ್ನನ್ನು ಕರೆದೊಯ್ಯಲು ಬಂಡಿಗೆ ಹೊಸ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ ತಂದಿದ್ದ. ಎತ್ತಿನ ಕೊಂಬಿಗೆ ಎಣ್ಣೆ ಕೂಡ ಸವರಿದ್ದ. ಆ ಎಣ್ಣೆ ಕಂಡೇ ನನಗೆ ಗೊತ್ತಾಯಿತು: ನೆಂಟಸ್ತಿಕೆಯ ಎಣ್ಣೆ ಅದು, ಮದುವೆಯ ಮಾತಿಗೆ ಹೊರಟಾಗ ಸವರುವುದು.

ಪ್ರಾರ್ಥನೆಗೆ ಗಂಟೆ ಬಾರಿಸಿತು. ಜನ ಬಂದರು. ಎಲ್ಲ ಹೆಂಗಸರ ಸೆರಗಿನಲ್ಲೂ ಏನೋ ಗಂಟು. ದೇವಾಲಯದ ಬಾಗಿಲ ಮುಂದೆ ರಾಹೇಲಮ್ಮ ಗೋಣಿತಟ್ಟು ಹಾಸಿ ನಿಂತಿದ್ದಳು. ಒಬ್ಬೊಬ್ಬರಾಗಿ ಗಂಟು ಬಿಚ್ಚಿ ಸುರಿದರು. ಮುಕ್ಕಾದ ರೇಷನ್ ಅಕ್ಕಿ, ಕೆಂಪು ಜೋಳ, ನವಣೆ, ಒಬ್ಬಳದು ಬರೀ ಕಡಲೆ. ಸಿರುಗುಪ್ಪದ ಕ್ರೈಸ್ತ ಸಭೆಯವರು ಬಸ್ಸಿಗೆ ಹಾಕಿ ಕಳಿಸಿದ ಸಣ್ಣಕ್ಕಿ. ದರ್ಜಿ ಸಾಬರ ಹೆಂಡತಿ ಬುರ್ಖಾದ ಒಳಗಿನಿಂದ ಒಂದು ಬಟ್ಟಲು ಗೋಧಿ ತೆಗೆದು ಸುರಿದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಕಾಳಿನ ಮೇಲೆ ಕಾಳು ಬಿದ್ದು, ಎಲ್ಲವೂ ಕಲೆತು, ತಟ್ಟಿನ ಅಂಚು ದಾಟಿ ಹರಡತೊಡಗಿತು.

ಅಪ್ಪ ಗೇಟಿನಾಚೆಯಿಂದ ನೋಡುತ್ತಿದ್ದ. ರೈತನಿಗೆ ಕಾಳು ಹರಡುವುದನ್ನು ನೋಡಲಾಗುವುದಿಲ್ಲ. ಅವನ ಕೈ ತಡೆಯುತ್ತಿರಲಿಲ್ಲವೆಂದು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. "ಒಟ್ಟುಗೂಡಿಸ್ರಿ, ಒಟ್ಟುಗೂಡಿಸ್ರಿ, ತುಳೀತಾರ!" ಎಂದು ಕೂಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಅಪ್ಪ ಬಗ್ಗಿ ಮೆಟ್ಟು ಕಳಚಿದ. ಕಣದಲ್ಲಿ ರಾಶಿಯ ಹತ್ತಿರ ಹೋಗುವಾಗ ನಮ್ಮವರು ಮೆಟ್ಟು ಬಿಟ್ಟೇ ಹೋಗುವುದು. ಬರಿಗಾಲಲ್ಲಿ ಗೇಟು ದಾಟಿ ಬಂದ. ಇಷ್ಟು ವರ್ಷ ದಾಟದ ಗೇಟು.

ಬಂದವನು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮಂಡಿಯೂರಿ, ಎರಡೂ ಅಂಗೈಯಿಂದ ಸುತ್ತಲಿನ ಕಾಳು ಎಳೆದು ರಾಶಿ ಮಾಡಿದ. ನುಣ್ಣಗೆ, ಮೇಲೆ ಚೂಪಾಗಿ, ಸುಗ್ಗಿಯಲ್ಲಿ ಮಾಡುವಂತೆಯೇ.

"ಯಾರದ್ರಿ ಈ ರಾಶಿ?" ಎಂದು ಕೇಳಿದ.

ರಾಹೇಲಮ್ಮ ನಕ್ಕಳು. "ಬಿತ್ತಿದಾಕಿ ನಿಮ್ಮ ಮನ್ಯಾಗ ಅದಾಳ. ನಮ್ಮನ್ನ ಏನ್ ಕೇಳ್ತೀರಿ?"

ಅಪ್ಪ ಸೇರು ತರಿಸಿಕೊಂಡ. ಅಳೆಯಲು ಕೂತ. ಮೊದಲ ಸೇರು ತುಂಬಿ ಚೀಲಕ್ಕೆ ಸುರಿಯುತ್ತ, "ಲಾಭ" ಎಂದ. ನಮ್ಮ ಕಣಗಳಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಒಳಗೆ ಅಯ್ಯನವರು ಪ್ರಾರ್ಥನೆ ಶುರು ಮಾಡಬೇಕಾದವರು ಬಾಗಿಲಿಗೆ ಬಂದು ನಿಂತರು. ಅಪ್ಪ ಅಳೆದು ಮುಗಿಸುವವರೆಗೆ ಯಾರೂ ಮಾತಾಡಲಿಲ್ಲ. ಅಳೆಯುವಾಗ ಮಾತಾಡಬಾರದೆಂದು ಅವರಿಗೆ ಯಾರು ಹೇಳಿದ್ದರೋ.

ಮುಗಿದ ಮೇಲೆ ಮೈ ಕೊಡವಿ ಎದ್ದ. ನಾನು ಟ್ರಂಕಿನ ಪಕ್ಕ ನಿಂತಿದ್ದೆ.

"ಒಳಗ ಇಡು ಅದನ್ನ" ಎಂದ. "ರಾಶಿ ಅಳದು ಕೊಟ್ಟು, ಉಣ್ಣಾಕಿನ್ನ ಕರಕೊಂಡು ಹೋದ್ರ ಹೆಂಗ?"

ಬರಿದಾದ ಬಂಡಿಯನ್ನು ಹೊಡೆದುಕೊಂಡು ಹೋದ. ಕೊಂಬಿನ ಎಣ್ಣೆ ಬಿಸಿಲಿಗೆ ಹೊಳೆಯುತ್ತಿತ್ತು.

ಆ ವರ್ಷ ನಾವು ಉಂಡ ಅನ್ನದಂಥ ಅನ್ನ ಮತ್ತೆ ಎಲ್ಲೂ ಉಂಡಿಲ್ಲ. ಅಕ್ಕಿ ಬೆಂದಿರುತ್ತಿತ್ತು, ಜೋಳ ಗಡಸಾಗಿರುತ್ತಿತ್ತು, ನವಣೆ ಹಲ್ಲಿಗೆ ಸಿಗುತ್ತಿತ್ತು. ಶನಿವಾರ ಮಧ್ಯಾಹ್ನ ಹಾಸ್ಟೆಲಿನ ಹುಡುಗಿಯರೆಲ್ಲ ಮೊರ ಹಿಡಿದು ಬೇರೆ ಮಾಡಲು ಕೂರುತ್ತಿದ್ದೆವು. ಇದು ಸಿರುಗುಪ್ಪ, ಇದು ಕೌಲ್ ಬಜಾರ್ ಎಂದು ಕಾಳು ನೋಡಿ ಊರು ಹೇಳುತ್ತಿದ್ದೆವು. ಪೂರ್ತಿ ಬೇರೆ ಮಾಡುವುದು ಎಂದೂ ಆಗಲಿಲ್ಲ. ಮೆಣಸಿನಕಾಯಿ ಸಿಕ್ಕಾಗ ಮಾತ್ರ ಎಲ್ಲರೂ ನನ್ನ ಕಡೆ ಎಸೆಯುತ್ತಿದ್ದರು: "ತಗೋ, ನಿಮ್ಮವ್ವ ಬಂದಳು." ಆ ಕಲಬೆರಕೆ ಅನ್ನದ ಮೇಲೆ ನಾನು ಪಾಸಾದೆ. ಅದೇ ಕಸುವಿನಲ್ಲಿ ಕಾಲೇಜಿಗೂ ಹೋದೆ. ಪದವಿಯ ಕಪ್ಪು ನಿಲುವಂಗಿ ತೊಟ್ಟ ಫೋಟೊ ನೋಡಿ ಅವ್ವ, "ಅಯ್ಯನೋರಂಗ ಕಾಣ್ತಿ" ಅಂದಳು. ರಾಹೇಲಮ್ಮ ಆಗ ಇರಲಿಲ್ಲ. ಇದ್ದಿದ್ದರೆ ನಗುತ್ತಿದ್ದಳು.

ಈಗ ಆ ದೇವಾಲಯ ದೊಡ್ಡದಾಗಿದೆ. ಚೆಂದ ಬಣ್ಣ ಹಚ್ಚಿದ್ದಾರೆ. ಹಾಸ್ಟೆಲಿದ್ದಲ್ಲಿ ಕಲ್ಯಾಣಮಂಟಪ. ಕಾಣಿಕೆಗೆ ಹೆಸರು ಅಚ್ಚು ಹಾಕಿದ ಕವರುಗಳಿವೆಯಂತೆ, ಸಭೆಯವರಿಗೆ ಮಾತ್ರ. ಅದರಲ್ಲಿ ತಪ್ಪೇನಿಲ್ಲ. ತನ್ನ ಮನೆಯನ್ನು ತಾನೇ ನಡೆಸುವಷ್ಟು ಬಲ ಬಂದಿದೆ, ಒಳ್ಳೆಯದೇ. ಗಂಟೆ ಈಗಲೂ ಬಾರಿಸುತ್ತದೆ, ಆಟೋಗಳ ಸದ್ದಿನಲ್ಲಿ ಅದನ್ನು ಕೇಳಿ ಅಂಗಡಿ ತೆರೆಯುವವರಿಲ್ಲ ಅಷ್ಟೆ. ಮೊದಲು ದೇವಾಲಯ ಊರಿಗೆ ಕೊಡುತ್ತಿತ್ತು. ಆಮೇಲೆ ಸ್ವಲ್ಪ ಕಾಲ ಊರೇ ದೇವಾಲಯಕ್ಕೆ ಕೊಟ್ಟಿತು. ಆ ಸ್ವಲ್ಪ ಕಾಲಕ್ಕೆ ನನ್ನ ಜೀವ ಹಂಬಲಿಸುತ್ತದೆ. ಆಗ ಅದು ನನ್ನದೂ ಆಗಿತ್ತು.

ಮೊನ್ನೆ ಗಡಿಗೆ ತುಂಬಿ ಅಕ್ಕಿ ಹೊರಗೆ ಚೆಲ್ಲಿತು. ಸೊಸೆ ನನ್ನ ಮುಖ ನೋಡಿ, ಏನೂ ಕೇಳದೆ, ಒಂದು ಬಟ್ಟೆಚೀಲಕ್ಕೆ ಸುರಿದು ಕೊಟ್ಟಳು. ಆಟೋ ಮಾಡಿಕೊಂಡು ಹೋದೆ. ಗೇಟಿನಲ್ಲಿ ವಾಚ್‌ಮನ್ ಒಬ್ಬ, ಒಳ್ಳೆಯ ಮನುಷ್ಯ, ಕುರ್ಚಿ ಬಿಟ್ಟು ಎದ್ದ.

"ಏನಮ್ಮಾ, ಮದುವಿಗೆ ಬಂದೀರೇನ್ರಿ? ಮಂಟಪ ಆಚೆ ಐತ್ರಿ."

"ಅಲ್ಲಪ್ಪ. ದೇವಾಲಯಕ್ಕ ಒಂದೀಟು ಕಾಳು ತಂದೀನಿ."

ಅವನು ತಲೆ ಕೆರೆದುಕೊಂಡ. "ಕಾಳು ಇಲ್ಲಿ ಯಾರಿಗೆ ಕೊಡ್ತಾರೋ ನನಗ ಗೊತ್ತಿಲ್ರಿ. ಯಾರೂ ತರಂಗಿಲ್ಲ. ನೀವು ಈ ಸಭೆಯವ್ರೇನ್ರಿ?"

ನಾನು ಆ ಬಾಗಿಲ ಮುಂದಿನ ಜಾಗ ನೋಡಿದೆ. ಸಿಮೆಂಟು ಹಾಕಿದ್ದಾರೆ. ಬೇವಿನಮರ ಇದೆ. ಚಪ್ಪಲಿ ಕಳಚಿ ಗೇಟಿನ ಪಕ್ಕ ಇಟ್ಟೆ. ಬಿಸಿಲಿಗೆ ನೆಲ ಕಾದಿತ್ತು.

"ಅಯ್ಯ, ಕಾಲು ಸುಡ್ತೈತ್ರಿ ಅಮ್ಮಾ! ಹಾಕ್ಕೊಳ್ರಿ. ಹೋಗ್ಲಿ, ಇಲ್ಲಿ ಕೊಡ್ರಿ, ನಾ ಒಳಗ ಕೇಳ್ತೀನಿ" ಎಂದು ಅವನು ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದ. "ಎಷ್ಟೈತ್ರಿ, ಹೇಳಬೇಕಲ್ಲ ಅವರಿಗೆ?"

ನಾನು ಚೀಲ ಬಗ್ಗಿಸಿದೆ. ಅಕ್ಕಿಯ ಜೊತೆಗೆ ಸೊಸೆ ಹಾಕಿದ್ದ ಒಣಮೆಣಸಿನಕಾಯಿಯೂ ಜಾರಿ ಅವನ ಟವೆಲ್ಲಿಗೆ ಬಿತ್ತು.

"ಲಾಭ" ಎಂದೆ.